ಪಾಲಿಮರ್ ಕ್ಲೇ ಕಿವಿಯೋಲೆ ಬೇಕ್ ಮಾಡಿದ ಮೇಲೂ ಮುರಿಯುತ್ತದೆ, ಚಿಕ್ಕಮಗಳೂರಿನ ಮಳೆಗಾಲದ ತೇವ ಕಾರಣವೇ?

ತೇವ ಕಾರಣ ಅಲ್ಲ. ಹೆಚ್ಚಿನ ಸಲ ಓಲೆ ಪೂರ್ತಿ ಬೆಂದಿರುವುದಿಲ್ಲ, ಅಷ್ಟೇ.

ಪಾಲಿಮರ್ ಕ್ಲೇ ಜೇಡಿಮಣ್ಣಿನ ಹಾಗೆ ಒಣಗಿ ಗಟ್ಟಿಯಾಗುವ ವಸ್ತು ಅಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿಗೆ ಪ್ಲಾಸ್ಟಿಸೈಜರ್, ಅಂದರೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ, ಬೆರೆಸಿ ಮಾಡಿದ್ದು. ಬಿಸಿ ತಾಗಿದಾಗ ಕಣಗಳು ಆ ದ್ರವ ಹೀರಿ, ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಸಿ ಸಾಲದಿದ್ದರೆ ಹೊರಗೆ ಗಟ್ಟಿ ಕಂಡರೂ ಒಳಗೆ ಕಣಗಳು ಸುಮ್ನೆ ಅಂಟಿಕೊಂಡಿರುತ್ತವೆ, ಹಾಗಾಗಿ ಕೊಕ್ಕೆ ಹಾಕುವ ತೂತಿನ ಹತ್ತಿರವೇ ಪಟ್ಟನೆ ಮುರಿದು, ಮುರಿದ ಜಾಗ ಪುಡಿಪುಡಿಯಾಗಿ ಕಾಣುತ್ತದೆ.

ಚಿಕ್ಕ ಓಟಿಜಿಯ, ಅಂದರೆ ಮನೆಯ ಕರೆಂಟ್ ಓವನ್‌ನ, ಡಯಲ್ ನಂಬಬೇಡಿ. ಓವನ್ ಥರ್ಮಾಮೀಟರ್ ಒಂದು ತಗೊಳ್ಳಿ, ಬಣ್ಣಬಣ್ಣದ ಕ್ಲೇಗಿಂತ ಮೊದಲು ಅದೇ ಬೇಕು. ಫಿಮೋ ಬ್ರ್ಯಾಂಡಿನ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್, ಸ್ಕಲ್ಪಿ ಪ್ರೀಮೋ ಬ್ರ್ಯಾಂಡಿಗೆ 130. ಎರಡಕ್ಕೂ 30 ನಿಮಿಷ. ಮೇಲೆ ಫಾಯಿಲ್ ಮುಚ್ಚಿದರೆ ಬಣ್ಣ ಕಂದುವುದಿಲ್ಲ. ಮಳೆಗೆ ಮಧ್ಯದಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ, ನಮ್ಮೂರಲ್ಲಿ ಅದು ಮಾಮೂಲು ಅಲ್ವಾ, ಬಂದ ಮೇಲೆ ಪೂರ್ತಿ ಸಮಯ ಇನ್ನೊಮ್ಮೆ ಬೇಕ್ ಮಾಡಿ. ಮತ್ತೆ ಬೇಯಿಸಿದರೆ ಏನೂ ಕೆಡುವುದಿಲ್ಲ, ಹಳೆಯ ಅರೆಬೆಂದ ಓಲೆಗಳನ್ನೂ ಹೀಗೇ ಗಟ್ಟಿ ಮಾಡಬಹುದು.

ಬೇಗ ಆಗಲಿ ಅಂತ ಬಿಸಿ ಮಾತ್ರ ಜಾಸ್ತಿ ಮಾಡಬೇಡಿ. ಪಿವಿಸಿ ಸೀದರೆ ಕಣ್ಣು, ಗಂಟಲು ಉರಿಸುವ ಹೊಗೆ ಬರುತ್ತದೆ.

ಓಲೆಯ ಜೊತೆ ಅದೇ ಕ್ಲೇಯ ಒಂದು ತೆಳು ಪಟ್ಟಿಯನ್ನೂ ಇಡಿ. ಆರಿದ ಮೇಲೆ ಬಗ್ಗಿಸಿ ನೋಡಿ. ಮುರಿಯದೆ ಬಾಗಿದರೆ ಬೆಂದಿದೆ.