ವೆಲ್‌ಹೆಡ್ ಗೇಜ್ ನೋಡಿ ತಳದ ಒತ್ತಡ ಹೇಳಬೇಡಿ

ಪ್ರಶ್ನೆ: ಶೇಲ್ (ಪದರಗಲ್ಲು) ತೈಲಬಾವಿಯ ಬಾಯಲ್ಲೇ, ಅಂದರೆ ವೆಲ್‌ಹೆಡ್‌ನಲ್ಲೇ, ಗೇಜ್ (ಒತ್ತಡಮಾಪಕ) ಓದಿದರೆ ಒತ್ತಡ ಸಿಗುತ್ತದೆ. ಅದಕ್ಕೆ ಒಳಗಿನ ದ್ರವದ ಭಾರ ಕೂಡಿಸಿದರೆ ತಳದ ಒತ್ತಡ ಬಂತಲ್ಲ? ಕೆಳಗೊಂದು ಗೇಜ್ ಏಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ. ಬಾವಿ ತುಂಬ ಬರೀ ನೀರಿದ್ದರೆ ಆಳದ ಪ್ರತಿ ಮೀಟರಿಗೆ ಸುಮಾರು 1.42 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಕೂಡಿಸಿ, ತಕರಾರಿಲ್ಲ. ಆದರೆ ಎಣ್ಣೆ, ನೀರು, ಗ್ಯಾಸು ಕಲಸಿಕೊಂಡು ಮೇಲೇರುವಾಗ ಯಾವ ಆಳದಲ್ಲಿ ಯಾವುದೆಷ್ಟಿದೆ ಎಂದು ಯಾರು ಎಣಿಸಿದರು? ಬಾವಿ ಮುಚ್ಚಿದ ಮೇಲಂತೂ ಗ್ಯಾಸು ಮೇಲಕ್ಕೆ, ದ್ರವ ಕೆಳಕ್ಕೆ. ಕಲ್ಲಿನಿಂದ ಒಂದು ಹನಿ ಬಾರದಿದ್ದರೂ ವೆಲ್‌ಹೆಡ್ ಒತ್ತಡ ಏರುತ್ತದೆ. ಆ ಏರಿಕೆಯನ್ನೇ ಕಲ್ಲಿನೊಳಗಿನ ಒತ್ತಡದ ಚೇತರಿಕೆ ಎಂದು ಓದುವವರಿದ್ದಾರೆ. ಈ ಬೇರ್ಪಡುವಿಕೆಯ ಉಬ್ಬು ತಳದ ಗೇಜಿನಲ್ಲೂ ಕಾಣಬಹುದು. ಆ ಭಾಗವನ್ನು ವಿಶ್ಲೇಷಣೆಗೆ ಎಳೆಯಬೇಡಿ.

ಗೇಜ್ ಇಳಿಸಿದರೂ ಎಲ್ಲಿ ಕೂತಿದೆ ನೋಡಿ. ಪರ್ಫೊರೇಷನ್‌ಗಿಂತ, ಅಂದರೆ ಎಣ್ಣೆ ಒಳಬರಲು ಬಾವಿಯ ಹೊರಕೊಳವೆಗೆ (ಕೇಸಿಂಗ್) ಮಾಡಿದ ತೂತುಗಳಿಗಿಂತ, 150 ಮೀಟರ್ ಮೇಲಿದೆ ಎನ್ನೋಣ, ಲಂಬ ಆಳದಲ್ಲಿ. ನಡುವೆ ನೀರಿನ 0.8ರಷ್ಟು ಸಾಂದ್ರತೆಯ ಎಣ್ಣೆಯಿದ್ದರೆ 170 ಪಿಎಸ್‌ಐ ಕೂಡಿಸಬೇಕು. ಗ್ಯಾಸು ಬೆರೆತು ಸಾಂದ್ರತೆ 0.3ಕ್ಕಿಳಿದಿದ್ದರೆ 64 ಮಾತ್ರ. ನೂರಕ್ಕೂ ಹೆಚ್ಚು ಪಿಎಸ್‌ಐ ಊಹೆಯಲ್ಲೇ ಹೋಯಿತು. ಹಾಗಾಗಿ ಬಾವಿಯ ಬಾಗುವಿಕೆ ಎಷ್ಟು ಬಿಡುತ್ತದೋ ಅಷ್ಟು ಕೆಳಗಿಡಿ. ಟ್ಯೂಬಿಂಗ್ (ಎಣ್ಣೆ ಮೇಲೇರುವ ಒಳಕೊಳವೆ) ಜೊತೆ ಇಳಿಯುವ ಗೇಜಿನ ಕೇಬಲ್‌ಗೆ ಪ್ರತಿ ಕಪ್ಲಿಂಗ್ (ಕೊಳವೆಗಳ ಜೋಡಣೆ) ಮೇಲೂ ಕ್ಲ್ಯಾಂಪ್ ಬೇಕು. ಒಂದು ತಪ್ಪಿದರೆ ಬಾಗಿದ ಜಾಗದಲ್ಲಿ ಕೇಬಲ್ ಕೇಸಿಂಗ್‌ಗೆ ಒತ್ತಿ ಜಜ್ಜುತ್ತದೆ. ಇಳಿಸುತ್ತಿರುವಾಗಲೇ ಆಗಾಗ ನಿಲ್ಲಿಸಿ ಸಿಗ್ನಲ್ ಮತ್ತು ಇನ್ಸುಲೇಷನ್ ಪರೀಕ್ಷಿಸಿ. ಪೂರ್ತಿ ಇಳಿಸಿದ ಮೇಲೆ ದೋಷ ಕಂಡರೆ ಎಲ್ಲವನ್ನೂ ಮೇಲೆತ್ತಬೇಕು.

ಪ್ರಶ್ನೆ: ಪಕ್ಕದ ಬಾವಿ ಫ್ರ್ಯಾಕ್ ಮಾಡುವಾಗ (ದ್ರವ ಒತ್ತಿ ಕಲ್ಲು ಬಿರಿಸುವಾಗ) ನಮ್ಮದರಲ್ಲಿ ಒತ್ತಡ ಏರಿತು. ಬಿರುಕುಗಳು ಕೂಡಿಕೊಂಡವೇ?

ಉತ್ತರ: ಏರಿದ ರೀತಿ ಹೇಳದೆ ಕೇಳಿದರೆ ಹೇಗೆ? ಪಂಪಿಂಗ್ ಜೊತೆ ಮೆಲ್ಲಗೆ ಕೆಲವೇ ಪಿಎಸ್‌ಐ ಏರಿ, ನಿಂತ ಮೇಲೆ ಇಳಿದಿದ್ದರೆ ಬಹುಶಃ ಕಲ್ಲು ಹಿಂಡಿಕೊಂಡಿದೆ, ಅಷ್ಟೆ. ನಿಮಿಷಗಳಲ್ಲಿ ನೂರಾರು ಜಿಗಿದರೆ ದ್ರವವೇ ಬಂದಿದೆ. ಇದನ್ನು ಹೇಳಲು ಕೆಲವು ದಿನ ಮುಂಚೆಯೇ ಬಾವಿ ಮುಚ್ಚಿ, ಸಹಜ ಏರಿಕೆಯ ರೇಖೆ ಹಿಡಿದಿಟ್ಟಿರಬೇಕು, ಸೆಕೆಂಡಿಗೊಂದು ಅಂಕಿ ಬರೆಯಬೇಕು, ಪಂಪ್ ಗಡಿಯಾರಕ್ಕೂ ಗೇಜ್ ಗಡಿಯಾರಕ್ಕೂ ತಾಳೆಯಿರಬೇಕು. ಬಾವಿಯೊಳಗೆ ಗ್ಯಾಸು ತುಂಬಿದ್ದರೆ ಸಣ್ಣ ಸುಳಿವೆಲ್ಲ ಅದರಲ್ಲೇ ಇಂಗುತ್ತದೆ. ಪರ್ಫೊರೇಟ್ ಮಾಡದ, ದ್ರವ ತುಂಬಿದ ಕೇಸಿಂಗ್ ಮಾತ್ರ ಬೇರೆ: ಅದರಲ್ಲಿ ವೆಲ್‌ಹೆಡ್ ಗೇಜೇ ಸಾಕು, ಬಿರುಕು ಬಂದು ತಗುಲಿದರೆ ಗೊತ್ತಾಗುತ್ತದೆ. ಒಂದೇ ಸ್ಟೇಜ್ (ಫ್ರ್ಯಾಕ್‌ನ ಒಂದು ಹಂತ) ನೋಡಿ ಬಾವಿಗಳ ಅಂತರ ಬದಲಿಸಬೇಡಿ.

ಪ್ರಶ್ನೆ: ಮೊದಲ ತಿಂಗಳೇ ಚೋಕ್ (ಹರಿವು ನಿಯಂತ್ರಿಸುವ ಕವಾಟ) ಪೂರ್ತಿ ತೆರೆಯಲೇ?

ಉತ್ತರ: ತಳದ ಒತ್ತಡ ಬಬಲ್ ಪಾಯಿಂಟ್‌ಗಿಂತ (ಎಣ್ಣೆಯಲ್ಲಿ ಕರಗಿದ ಗ್ಯಾಸು ಗುಳ್ಳೆಯಾಗತೊಡಗುವ ಒತ್ತಡ) ಕೆಳಗೆ ಬಿದ್ದರೆ ಕಲ್ಲೊಳಗೇ ಗ್ಯಾಸು ಬಿಟ್ಟು ಎಣ್ಣೆಯ ದಾರಿ ಕಟ್ಟುತ್ತದೆ, ಗೇಜ್ ನೋಡದೆ ಚೋಕ್ ಮುಟ್ಟಬೇಡಿ.

ಪ್ರಶ್ನೆ: ಗೇಜೇ ಬೇಡ, ತಳದ ಒತ್ತಡ ನಮ್ಮ ಸಾಫ್ಟ್‌ವೇರ್ ಹೇಳುತ್ತದೆ ಎಂದು ಅದನ್ನು ಮಾರುವವರು ಎನ್ನುತ್ತಾರಲ್ಲ?

ಉತ್ತರ: ಗೇಜ್ ಇರುವ ಒಂದು ಬಾವಿಯ ಅಂಕಿ ಮುಚ್ಚಿಟ್ಟು, ಅವರಿಂದ ಹೇಳಿಸಿ ನೋಡಿ. ಒಪ್ಪದಿದ್ದರೆ ಬಾಗಿಲು ತೋರಿಸಿ.