100 ಕಾಳು, 62 ಮೊಳಕೆ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಭತ್ತದ ಬೆಂಕಿ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾರೆ, ಇದು ಮೂರನೇ ವರ್ಷ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಿರುವ ಸೀನಿಯರ್‌ಗಳನ್ನು ನೋಡಿದರೆ ಹೆದರಿಕೆಯಾಗುತ್ತದೆ. ಕಾಲೇಜು, ಸಂಶೋಧನೆ ಬಿಟ್ಟರೆ ಜೀವವಿಜ್ಞಾನ ಓದಿದವರಿಗೆ ಬೇರೆ ಕೆಲಸ ಇದೆಯೇ? ಇದ್ದರೆ ನಮ್ಮ ಕಡೆ ಇದೆಯೇ? ಗೈಡ್‌ಗೆ ಹೇಗೆ ಹೇಳಲಿ? ಊರಿಗೆ ಹೋದಾಗಲೆಲ್ಲ ಅಪ್ಪ, "ಎಂದ ಮುಗಿತೈತವ್ವಾ ನಿನ್ನ ಓದು, ಎಂದ ಪ್ರೊಫೆಸರ್ ಆಗ್ತಿ?" ಅನ್ನುತ್ತಾರಂತೆ.

ನಿಮ್ಮ ಪತ್ರದ ಮೂರೂವರೆ ಪುಟ ಬರೀ ಚಿಂತೆ. ಕೊನೆಯ ಪುಟದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಒಂದು ಸಂಗತಿ ಬರೆದಿದ್ದೀರಿ. ಪಕ್ಕದ ಮನೆಯ ಕಾಕಾ ತಂದ ಭತ್ತದ ಬೀಜ ಸರಿಯಾಗಿ ಹುಟ್ಟಲಿಲ್ಲ. ನೀವು ಚೀಲದಲ್ಲಿ ಉಳಿದದ್ದರಲ್ಲಿ 100 ಕಾಳು ಎಣಿಸಿ ಹಸಿ ಗೋಣಿತಾಟಿನಲ್ಲಿ ಸುತ್ತಿಟ್ಟು, ದಿನಾ ನೋಡಿ, ತಾರೀಖು ಹಾಕಿ ಬರೆದಿಟ್ಟಿರಿ. 62 ಮೊಳೆತವು. ಆ ಹಾಳೆ ನೋಡಿದ ಅಂಗಡಿಯವನು ತುಟಿ ಪಿಟಕ್ಕೆನ್ನದೆ ಬೇರೆ ಚೀಲ ಕೊಟ್ಟ. "ಇದನ್ನ ಸುಮ್ಮನೆ ಬರೆದೆ ಸರ್" ಅಂದಿದ್ದೀರಿ. ನನ್ನ ಮಟ್ಟಿಗೆ ಅದೇ ಪತ್ರ, ಉಳಿದದ್ದು ಲಕೋಟೆ.

ಹಿಂದೊಮ್ಮೆ ವರದಿಗೆಂದು ಬೀಜ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಅರ್ಧ ದಿನ ಕೂತಿದ್ದೆ. ಅಲ್ಲಿ ಮಾಡುವುದೂ ಗೋಣಿತಾಟಿನ ಕೆಲಸವೇ, ಶಿಸ್ತು ಹೆಚ್ಚು ಅಷ್ಟೆ. ನೂರು ನೂರರಂತೆ 400 ಕಾಳು. ಹಸಿ ಕಾಗದದ ಮೇಲೆ ಸಾಲಾಗಿ ಇಟ್ಟು, ಚಾಪೆಯ ಹಾಗೆ ಸುರುಳಿ ಸುತ್ತಿ, ತಾಪ ಹದವಾಗಿಟ್ಟ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಭತ್ತಕ್ಕೆ 5ನೇ ದಿನ ಮೊದಲ ಎಣಿಕೆ, 14ನೇ ದಿನ ಕೊನೆಯದು. ಎಣಿಸುತ್ತಿದ್ದ ಹೆಣ್ಣುಮಗಳು ಒಂದೊಂದೇ ಮೊಳಕೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಬೇರು ನೆಟ್ಟಗಿದೆಯಾ, ಚಿಗುರು ತಿರುಚಿದೆಯಾ, ಬೂಷ್ಟು ಹತ್ತಿದ್ದರೆ ಆ ಕಾಳಿನದೇ ಬೂಷ್ಟಾ ಅಥವಾ ಪಕ್ಕದ ಕಾಳಿನಿಂದ ಬಂದದ್ದಾ. ಪಕ್ಕದ್ದಾದರೆ ಮೊಳಕೆಯನ್ನು ಒಳ್ಳೆಯದೆಂದೇ ಲೆಕ್ಕ ಹಾಕಬೇಕು, ತನ್ನದಾದರೆ ಕೆಟ್ಟದ್ದು. ಇದನ್ನು ಯಂತ್ರ ಹೇಳುವುದಿಲ್ಲ; ಶಿಲೀಂಧ್ರ ನೋಡಿ ಪಳಗಿದ ಕಣ್ಣು ಹೇಳಬೇಕು. ಭತ್ತದ ಬೀಜಕ್ಕೆ ಕನಿಷ್ಠ ಶೇ 80ರಷ್ಟು ಮೊಳಕೆ ಇರಬೇಕೆಂಬುದು ನಿಯಮ. 78ಕ್ಕೆ ನಿಂತರೆ ಆ ಲಾಟು ಬೀಜವೆಂದು ಮಾರಾಟಕ್ಕೆ ಬರುವಂತಿಲ್ಲ. ಮೂರು ವರ್ಷದಿಂದ ಬೆಂಕಿ ರೋಗದ ಶಿಲೀಂಧ್ರವನ್ನೇ ಬೆಳೆಸುತ್ತ ಕೂತಿರುವ ನೀವು ಇಲ್ಲಿ ಯಾರಿಗೂ ಕಡಿಮೆಯಿಲ್ಲ.

ನಮ್ಮ ಹುಡುಗರು ಕೇಳುವುದು ಯಾವಾಗಲೂ ಒಂದೇ: ನನ್ನ ಡಿಗ್ರಿಗೆ ಯಾವ ಕೆಲಸ ಸಿಗುತ್ತದೆ? ನಾನಾಗಿದ್ದರೆ ಬೇರೆ ಕೇಳುತ್ತಿದ್ದೆ. ಪ್ರಯೋಗಾಲಯದಲ್ಲಿ ಯಾವ ಹೊತ್ತಿನಲ್ಲಿ ಊಟ ಮರೆಯುತ್ತೀರಿ? ಶಿಲೀಂಧ್ರ ಬೆಳೆಸಲು ಪ್ಲೇಟ್ ಹಚ್ಚುವಾಗಲೋ, ಅಂಕಿಗಳನ್ನು ಸಾಲು ಮಾಡುವಾಗಲೋ, ಬರೆಯುವಾಗಲೋ, ಯಾರಿಗಾದರೂ ಬಿಡಿಸಿ ಹೇಳುವಾಗಲೋ? ನೌಕರಿಯ ಹೆಸರು ಏನೇ ಇರಲಿ, ದಿನಕ್ಕೆ ಎಂಟು ತಾಸು ಮಾಡುವುದು ಇವುಗಳಲ್ಲಿ ಒಂದನ್ನೇ.

ಸರ್ಕಾರಿ ನೌಕರಿಯ ಬಗ್ಗೆ ಒಂದು ಎಚ್ಚರಿಕೆ. ಆಹಾರ ಸುರಕ್ಷತಾ ಅಧಿಕಾರಿ, ಔಷಧ ಪರಿವೀಕ್ಷಕ, ಎರಡನ್ನೂ ನಮ್ಮವರು ಒಂದೇ ತಕ್ಕಡಿಗೆ ಹಾಕುತ್ತಾರೆ. 2011ರ ಆಹಾರ ಸುರಕ್ಷತಾ ನಿಯಮಗಳ ಪದವಿ ಪಟ್ಟಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನ, ಜೀವರಸಾಯನ ವಿಜ್ಞಾನ, ಜೈವಿಕ ತಂತ್ರಜ್ಞಾನ ಮೂರೂ ಇವೆ, ಅರ್ಜಿ ಹಾಕಿ. ಔಷಧ ಪರಿವೀಕ್ಷಕರ ನಿಯಮದಲ್ಲೂ ಮೈಕ್ರೋಬಯಾಲಜಿ ಎಂಬ ಪದ ಕಾಣುತ್ತದೆ, ಆದರೆ ಅದು ಆ ವಿಷಯದಲ್ಲಿ ಪರಿಣತಿ ಪಡೆದ ವೈದ್ಯರಿಗೆ. ಉಳಿದವರಿಗೆ ಫಾರ್ಮಸಿ ಪದವಿಯೇ ಬೇಕು. ಆ ಒಂದು ಪದ ನಂಬಿ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸಿದ್ದೀರಿ ತಾನೆ?

ಇನ್ನು ನನಗೆ ಮೆಚ್ಚಿನ ಒಂದು ಕೆಲಸ. ಹೊಸ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸುವಾಗ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೂ ಇದು ಕಡ್ಡಾಯ. ಆಸ್ಪತ್ರೆಯಲ್ಲಿ ಆ ಕಾಗದ, ರೋಗಿಯ ದಾಖಲೆ, ಮುಂದಿನ ಭೇಟಿಯ ತಾರೀಖು ಎಲ್ಲ ನೋಡಿಕೊಳ್ಳುವವರು ಟ್ರಯಲ್ ಕೋಆರ್ಡಿನೇಟರ್. ಜೀವವಿಜ್ಞಾನ ಓದಿದವರು ಬೇಕಾದಷ್ಟು ಮಂದಿ ಈ ಕೆಲಸದಲ್ಲಿದ್ದಾರೆ. ಇಂಥ ಒಪ್ಪಿಗೆ ಪತ್ರವೊಂದರ ಕನ್ನಡ ನೋಡಿಕೊಡಿ ಎಂದು ಒಬ್ಬರು ನನ್ನ ಬಳಿ ತಂದಿದ್ದರು. "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತ ಬರೆದಿತ್ತು. ಲಿಂಗಸುಗೂರಿನ ಅಜ್ಜಿಗೆ ಏನು ತಿಳಿದೀತು? ಯಾರಿಗೆ ಯಾವ ಮದ್ದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ, ಡಾಕ್ಟರು ಆರಿಸುವುದಿಲ್ಲ ಅಂತ ತಿದ್ದಿದೆ. ವಿಜ್ಞಾನ ತಿಳಿಯದಿದ್ದರೆ ಹೀಗೆ ತಿದ್ದಲು ಧೈರ್ಯ ಬರುವುದಿಲ್ಲ, ಅಜ್ಜಿಯ ಮಾತು ಗೊತ್ತಿಲ್ಲದಿದ್ದರೆ ತಿದ್ದಬೇಕೆಂದೇ ಅನಿಸುವುದಿಲ್ಲ.

ಹೊಸ ಆವಿಷ್ಕಾರದ ಹಕ್ಕಿಗೆ ಅರ್ಜಿ ಬರೆದುಕೊಡುವವರು ಪೇಟೆಂಟ್ ಏಜೆಂಟರು. ಆ ಪರೀಕ್ಷೆಗೆ ಯಾವುದೇ ವಿಜ್ಞಾನ ಪದವಿ ಸಾಕು, ಎರಡು ಲಿಖಿತ ಪತ್ರಿಕೆ, ಒಂದು ಮೌಖಿಕ. ಆದರೆ ಪ್ರತಿವರ್ಷ ತಪ್ಪದೆ ನಡೆಯುತ್ತದೆಂಬ ಭರವಸೆ ಬೇಡ. ಸಸ್ಯಶಾಸ್ತ್ರದ ಗೆಳತಿಯರಿದ್ದರೆ ಸಂಡೂರಿನ ಕಡೆ ನೋಡಲು ಹೇಳಿ: ಗಣಿಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ವರದಿ ಮಾಡುವಾಗ ಗಿಡ, ಪ್ರಾಣಿ, ಪಕ್ಷಿಗಳ ಲೆಕ್ಕ ಬರೆಯುವವರು ಬೇಕೇ ಬೇಕು.

ನಮ್ಮ ಕಡೆ ಇದೆಯೇ ಅಂದಿರಿ. ಬೀಜದ ಕೆಲಸ ಇದೆ. ಆಹಾರದಲ್ಲಿ ಉಳಿದ ಕೀಟನಾಶಕ ಪತ್ತೆ ಮಾಡುವ ಪ್ರಯೋಗಾಲಯ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ ಇದೆ. ಔಷಧ, ಟ್ರಯಲ್, ಪೇಟೆಂಟ್ ಕೆಲಸಕ್ಕೆ ಊರು ಬಿಡಬೇಕು. ಹಾಗಂತ ಎಲ್ಲರೂ ಬೆಂಗಳೂರಿನ ರೈಲು ಹತ್ತುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ರಾಯಚೂರಿಗೆ ಹೈದರಾಬಾದ್ ಅದರ ಅರ್ಧ ದಾರಿ, ಲಸಿಕೆ, ಔಷಧ, ಬೀಜದ ದೊಡ್ಡ ಕಂಪನಿಗಳೆಲ್ಲ ಅಲ್ಲಿವೆ.

ಮುಚ್ಚುಮರೆ ಬೇಡ: ಇವುಗಳಲ್ಲಿ ಬಹುಪಾಲು ಕೆಲಸಕ್ಕೆ ಪಿಎಚ್‌ಡಿ ಬೇಕಿಲ್ಲ. ಮೊದಲ ಸಂಬಳ ನೋಡಿದರೆ ಫೆಲೋಶಿಪ್ಪೇ ವಾಸಿ ಅನಿಸಲೂಬಹುದು. ಎಂಎಸ್ಸಿ ಮುಗಿಸಿ ನೇರ ಹೋದವರು ನಿಮಗಿಂತ ಮೂರು ವರ್ಷ ಸೀನಿಯರ್ ಆಗಿರುತ್ತಾರೆ, ಅದೂ ಚುಚ್ಚುತ್ತದೆ. ಹಾಗಿದ್ದರೂ ಫೆಲೋಶಿಪ್ ಬರುತ್ತಿರುವವರೆಗೆ ಪ್ರಬಂಧ ಮುಗಿಸಿಯೇ ಬಿಡಿ ಅನ್ನುತ್ತೇನೆ. ಅದು ನಿಂತಮೇಲೂ ಎಳೆಯುತ್ತ ಕೂರುವುದು ಬೇಡ.

ಗೈಡ್ ವಿಚಾರ. ನಾನು ಪ್ರಾಣಿಶಾಸ್ತ್ರದ ಎಂಎಸ್ಸಿ. ಒಂದು ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದೆ; ಏಳು ತಿಂಗಳು ಸಂಬಳ ಬರಲಿಲ್ಲ. ಬಿಟ್ಟು ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡಲು ಸೇರಿದೆ. ನಮ್ಮ ಮೇಷ್ಟ್ರಿಗೆ ಗೊತ್ತಾಗಬಾರದೆಂದು ಎರಡು ವರ್ಷ ಅವರ ಬೀದಿಯಲ್ಲೇ ಓಡಾಡಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದೆ. "ಪ್ರೂಫ್ ನೋಡ್ತೀಯಂತಲ್ಲೋ" ಅಂದರು. ನೆಲ ನೋಡಿದೆ. "ನನ್ನ ಪುಸ್ತಕದ್ದೂ ಸ್ವಲ್ಪ ನೋಡಿಕೊಡು, ಪ್ರೆಸ್ಸಿನವರು ಕಪ್ಪೆಯ ಅಸ್ಥಿಪಂಜರಕ್ಕೆ ಹಲ್ಲಿ ಅಂತ ಹಾಕ್ಯಾರ." ನಿಮ್ಮ ಗೈಡ್ ಹೀಗೇ ಇರುತ್ತಾರೆಂದು ಹೇಳಲಾರೆ. ಕೆಲಸ ಕೇಳಲು ಹೋಗುವ ಮೊದಲು ಹೇಳಿ, ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ಅಪ್ಪನಿಗೆ ಆ 62ರ ಹಾಳೆ ತೋರಿಸಿ. ಮೇ ತಿಂಗಳ ಕೊನೆಗೆ ಒಂದು ದಿನ ಬಿಡುವು ಮಾಡಿಕೊಂಡು, ಮೊದಲೇ ಪತ್ರ ಬರೆದು ಅನುಮತಿ ಪಡೆದು, ಬೀಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಹೋಗಿ. ಮುಂಗಾರಿಗೆ ಮುಂಚೆ ಮಾದರಿಗಳು ರಾಶಿ ಬಿದ್ದಿರುತ್ತವೆ, ನಿಮ್ಮ ಪ್ರಶ್ನೆಗೆ ಉತ್ತರ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೈಗೆ ಒಂದು ಸುರುಳಿ ಕೊಟ್ಟು, "ಎಣಿಸು ನೋಡೋಣ" ಅಂದರೂ ಅಂದಾರು.