ತಂಡದ ಕೋಡ್ ಒಂದೇ ಥರ ಕಾಣುವಂತೆ ತಾನಾಗಿ ಫಾರ್ಮ್ಯಾಟ್ ಆಗಬೇಕು, ಏನು ಮಾಡೋದು?

ನಿಮ್ಮ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ನಲ್ಲಿ ಒಬ್ಬರು ಟ್ಯಾಬ್ ಹಾಕ್ತಾರೆ, ಇನ್ನೊಬ್ಬರು ಸ್ಪೇಸ್ ಹಾಕ್ತಾರೆ, ರಿವ್ಯೂ ಪೂರ್ತಿ ಅದರ ಗಲಾಟೆಯಲ್ಲೇ ಹೋಗುತ್ತದೆ ಅಂದಿದ್ದೀರಿ. ಕೋಡನ್ನು ತಾನಾಗಿ ಒಂದೇ ಶೈಲಿಗೆ ತರುವ ಪ್ರಿಟಿಯರ್ ಎಂಬ ಟೂಲ್ ಹಾಕಿಕೊಳ್ಳಿ. ಸೆಟ್ಟಿಂಗ್ ಬಗ್ಗೆ ಚರ್ಚೆಗೆ ಕೂರಬೇಡಿ, ಅದು ಮುಗಿಯುವುದಿಲ್ಲ. ಅದರ ಜೊತೆಗೆ ಬಂದ ಸೆಟ್ಟಿಂಗ್ ಇದ್ದ ಹಾಗೇ ಇರಲಿ. ಆದರೆ ಎಲ್ಲರ ಹತ್ತಿರವೂ ಒಂದೇ ವರ್ಷನ್ ಇರಬೇಕು. ಪ್ಯಾಕೇಜ್ ಫೈಲ್‌ನಲ್ಲೇ ನಿಖರವಾದ ನಂಬರ್ ಬರೆದಿಡಿ. (ಪೈಥಾನ್ ಆಗಿದ್ದರೆ ಬ್ಲ್ಯಾಕ್. ಗೋ ಭಾಷೆಯವರಿಗೆ ಗೋಫಮ್ಟ್ ಜೊತೆಗೇ ಬರುತ್ತದೆ, ಪುಣ್ಯವಂತರು.)

ನಮ್ಮದು ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್. ನಾನು ಶಿವಮೊಗ್ಗದಲ್ಲಿ, ಉಳಿದವರು ಸಾಗರ, ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಲ್ಲಿ ನೆಟ್ ಬಂದರೆ ಬಂತು. ಪುಶ್ ಮಾಡಿ, ಸರ್ವರ್ ಬೈದ ಮೇಲೆ ಸರಿಮಾಡಿ ಮತ್ತೆ ಪುಶ್ ಮಾಡುವ ಹೊತ್ತಿಗೆ ಕರೆಂಟೂ ಹೋಗಿರುತ್ತದೆ. ಅದಕ್ಕೇ ಹಸ್ಕಿ (ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟ್, ಅಂದರೆ ಹುಕ್, ಹೊಂದಿಸುವ ಟೂಲ್) ಮತ್ತು ಲಿಂಟ್-ಸ್ಟೇಜ್ಡ್ ಹಾಕಿದ್ದೇವೆ. ಕಮಿಟ್ ಮಾಡುವಾಗ ಸ್ಟೇಜ್ ಮಾಡಿದ (ಆ ಕಮಿಟ್‌ಗೆ ಆರಿಸಿಟ್ಟ) ಫೈಲ್‌ಗಳನ್ನಷ್ಟೇ ನಮ್ಮ ಮೆಷಿನ್ನಲ್ಲೇ ಫಾರ್ಮ್ಯಾಟ್ ಮಾಡುತ್ತದೆ, ನೆಟ್ ಬೇಡ.

ಆದರೆ ಹುಕ್ ಒಂದನ್ನೇ ನಂಬಬೇಡಿ. ಕಮಿಟ್ ಮಾಡುವಾಗ ‘ನೋ-ವೆರಿಫೈ’ ಅಂತ ಕೊಟ್ಟರೆ ಯಾರು ಬೇಕಾದರೂ ದಾಟಿಕೊಂಡು ಹೋಗಬಹುದು. ಹುಕ್ ಇರುವುದು ನಮ್ಮ ಅನುಕೂಲಕ್ಕೆ. ಕಾವಲು ಕಾಯಬೇಕಾದದ್ದು ಸಿಐ, ಅಂದರೆ ಪುಶ್ ಆದ ಕೋಡನ್ನು ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆ. ಅಲ್ಲಿ ಪ್ರಿಟಿಯರ್ ಚೆಕ್ ಓಡಿಸಿ, ಫೇಲ್ ಆದರೆ ಮರ್ಜ್ ಆಗದಂತೆ ಮಾಡಿ.

ಹಳೇ ಕೋಡನ್ನೆಲ್ಲ ಮೊದಲ ಸಲ ಫಾರ್ಮ್ಯಾಟ್ ಮಾಡುವಾಗ ಮಾತ್ರ ಹುಷಾರು. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನು ಮೊದಲು ಮುಗಿಸಿ, ಇಲ್ಲದಿದ್ದರೆ ಕಾನ್‌ಫ್ಲಿಕ್ಟ್ ರಾಶಿ ಬೀಳುತ್ತದೆ. ಆ ಕಮಿಟ್‌ನಲ್ಲಿ ಬೇರೆ ಒಂದು ಸಾಲನ್ನೂ ಸೇರಿಸಬೇಡಿ. ಈಗ ಬ್ಲೇಮ್ (ಯಾವ ಸಾಲನ್ನು ಯಾರು ಬದಲಿಸಿದರು ಎಂದು ತೋರಿಸುವ ಗಿಟ್ ಕಮಾಂಡ್) ನೋಡಿದರೆ ಪ್ರತಿ ಸಾಲಿಗೂ ಫಾರ್ಮ್ಯಾಟ್ ಮಾಡಿದವನ ಹೆಸರೇ ಬರುತ್ತದೆ, ಅಲ್ವಾ? ಅದಕ್ಕೂ ದಾರಿ ಇದೆ. 2019ರಲ್ಲಿ ಬಂದ ಗಿಟ್ 2.23ರಿಂದ, ಬಿಟ್ಟುಬಿಡಬೇಕಾದ ಕಮಿಟ್‌ಗಳ ಹ್ಯಾಶ್ (ಗುರುತಿನ ಕೋಡ್) ಬರೆದ ಫೈಲನ್ನು ಬ್ಲೇಮ್‌ಗೆ ಕೊಡಬಹುದು. ಹೆಸರು ‘ಡಾಟ್ ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಅಂತಲೇ ಇಡಿ, ಗಿಟ್‌ಹಬ್ ಕೂಡ ಅದನ್ನು ಓದುತ್ತದೆ.

ವಿಂಡೋಸ್‌ನವರಿದ್ದರೆ ಲೈನ್ ಎಂಡಿಂಗ್, ಅಂದರೆ ಸಾಲು ಮುಗಿಯಿತು ಎಂದು ಹೇಳುವ ಕಣ್ಣಿಗೆ ಕಾಣದ ಗುರುತು, ಕಾಟ ಕೊಡುತ್ತದೆ. ಎಲ್‌ಎಫ್, ಸಿಆರ್‌ಎಲ್‌ಎಫ್ ಅಂತ ಅದರಲ್ಲಿ ಎರಡು ಬಗೆ. ಪ್ರಿಟಿಯರ್ 2.0ರಿಂದ ಎಲ್‌ಎಫ್ ಕೇಳುತ್ತದೆ, ವಿಂಡೋಸ್‌ನ ಗಿಟ್ ಸಿಆರ್‌ಎಲ್‌ಎಫ್ ಮಾಡಿ ಕೊಟ್ಟಿರುತ್ತದೆ. ಆಗ ಅವರ ಮೆಷಿನ್ನಲ್ಲಿ ಕೈ ಹಾಕದ ಫೈಲೂ ಚೆಕ್‌ನಲ್ಲಿ ಫೇಲ್. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಎಲ್‌ಎಫ್ ಅಂತ ಬರೆದಿಡಿ.

ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರಗಳನ್ನು ನಾವು ಕಾಲಂ ಹೊಂದಿಸಿ ಬರೆದ ಒಂದು ಟೇಬಲ್ ಇದೆ. ಅದನ್ನು ಪ್ರಿಟಿಯರ್ ಕೆಡಿಸುತ್ತಿತ್ತು. ಮೇಲೊಂದು ‘ಪ್ರಿಟಿಯರ್-ಇಗ್ನೋರ್’ ಕಮೆಂಟ್ ಹಾಕಿದೆವು. ಇಡೀ ಪ್ರಾಜೆಕ್ಟ್‌ನಲ್ಲಿ ಆ ರಿಯಾಯಿತಿ ಕೊಟ್ಟಿರುವುದು ಅದೊಂದಕ್ಕೇ.